ಆಗುಂಬೆ ಘಾಟಿಗೆ ಎಂಥ ಸ್ಪೋರ್ಟ್ಸ್ ಕಾರು? ಮೇಗರವಳ್ಳಿಯ ಒಂದು ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿ ಹತ್ತಿರ ನಮ್ಮ ಭಾವನ ತೋಟ ಇದೆ. ಅಡಿಕೆ, ಕಾಳುಮೆಣಸು, ಪಕ್ಕದಲ್ಲೇ ಒಂದು ಹೋಂಸ್ಟೇ. ಮಕ್ಕಳಿಬ್ಬರೂ ಕೆಲಸಕ್ಕೆ ಸೇರಿಯಾಗಿದೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕು ಅನ್ನೋ ಆಸೆ ಭಾವನಿಗೆ ಕಾಲೇಜಿನ ಕಾಲದಿಂದಲೂ ಇದೆ. 2025ರ ದೀಪಾವಳಿ ಕಳೆದ ಮೇಲೆ ಹಣ ಹೊಂದಿಸಿಕೊಂಡು ನನಗೆ ಫೋನ್ ಮಾಡಿದರು. ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಠ ಮಾಡುತ್ತೇನೆ. ಗಾಡಿಯ ಸಸ್ಪೆನ್ಷನ್ ನನಗೆ ಬಹಳ ಇಷ್ಟದ ವಿಷಯ.

ಭಾವನ ಮುಂದೆ ಮೂರು ದಾರಿ ಇದ್ದವು. ಮೊದಲನೆಯದು, ಬೆಂಗಳೂರಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಪೋರ್ಶೆ 718, ಪೆಟ್ರೋಲ್. ಎರಡನೆಯದು, ಈಗಲೇ ಶೋರೂಮಿನಲ್ಲಿರುವ, ಮೇಲ್ಛಾವಣಿ ತೆರೆಯುವ ಎಲೆಕ್ಟ್ರಿಕ್ ರೋಡ್‌ಸ್ಟರ್ ಎಂಜಿ ಸೈಬರ್‌ಸ್ಟರ್. ಮೂರನೆಯದು, ಕಾಯುವುದು. 718ರ ಮುಂದಿನ ತಲೆಮಾರು ಬ್ಯಾಟರಿ ಮೇಲೆ ಬರಲಿದೆ, ಅದು ಬರಲಿ ಅಂತ ಸುಮ್ಮನಿರುವುದು.

"ಯಾವುದು ಜಾಸ್ತಿ ಓಡುತ್ತೆ ಅಂತ ಕೇಳ್ತಿಲ್ಲ ಮಾರಾಯ. ನಮ್ಮ ರಸ್ತೆಗೆ ಯಾವುದು ಸರಿ, ಅದನ್ನು ಹೇಳು" ಅಂದರು ಭಾವ. ಪ್ರಶ್ನೆಯನ್ನು ಅವರು ಸರಿಯಾಗಿಯೇ ಕೇಳಿದ್ದರು. ಅಕ್ಕ ಮಾತ್ರ ಒಳಗಿನಿಂದಲೇ, "ತಮ್ಮಾ, ಮಳೆಗಾಲದ ನಾಲ್ಕು ತಿಂಗಳು ಅದನ್ನ ಎಲ್ಲಿ ನಿಲ್ಸೋದು ಅಂತನೂ ಬರಕೋ" ಅಂದಳು. ಅದನ್ನೂ ಬರೆದುಕೊಂಡೆ.

ಬರಲಿರುವ ಗಾಡಿಯ ಬಗ್ಗೆ ಗೊತ್ತಿರುವುದು

ಪೋರ್ಶೆ 2022ರಲ್ಲಿ 718 ಮುಂದೆ ಪೂರ್ತಿ ಎಲೆಕ್ಟ್ರಿಕ್ ಆಗುತ್ತದೆ ಎಂದು ಹೇಳಿತು. 2024ರಲ್ಲಿ ಯುರೋಪಿನ ಹೊಸ ಸೈಬರ್ ಸುರಕ್ಷತಾ ನಿಯಮದಿಂದಾಗಿ ಅಲ್ಲಿ ಪೆಟ್ರೋಲ್ 718ರ ಮಾಮೂಲಿ ಮಾದರಿಗಳ ಮಾರಾಟ ನಿಂತಿತು. 2025ರ ಅಕ್ಟೋಬರಿನಲ್ಲಿ ಉತ್ಪಾದನೆಯೇ ಮುಗಿಯಿತು. ಅದಕ್ಕೂ ಒಂದು ತಿಂಗಳು ಮುಂಚೆ ಕಂಪನಿ ಸ್ವಲ್ಪ ಹೆಜ್ಜೆ ಬದಲಿಸಿ, ಮುಂದಿನ 718ರ ಮೇಲಿನ ದರ್ಜೆಯ ಮಾದರಿಗಳಿಗೆ ಪೆಟ್ರೋಲ್ ಎಂಜಿನ್ನೂ ಇರುತ್ತದೆ ಎಂದಿತು. ಮಾರಾಟಕ್ಕೆ ಬರುವ ಎಲೆಕ್ಟ್ರಿಕ್ ಗಾಡಿಯ ತೂಕ, ಬೆಲೆ ಯಾವುದನ್ನೂ ಅದು ಪ್ರಕಟಿಸಿಲ್ಲ. ಹಾಗಾಗಿ ಮುಂದೆ ನಾನು ಹೇಳುವುದರಲ್ಲಿ ಲೆಕ್ಕ ಎಷ್ಟಿದೆಯೋ ನಿರೀಕ್ಷೆಯೂ ಅಷ್ಟೇ ಇದೆ.

ಆದರೆ ಸುಳಿವು ಇಲ್ಲದೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಪೋರ್ಶೆ 'ಮಿಷನ್ ಆರ್' ಎಂಬ ರೇಸ್ ಮಾದರಿ ತೋರಿಸಿತು. ಸುಮಾರು 80 ಯೂನಿಟ್, ಅಂದರೆ 80 ಕಿಲೋವಾಟ್ ಅವರ್‌ ಬ್ಯಾಟರಿ. ಅದು ನೆಲಕ್ಕೆ ಹಾಸಿಕೊಂಡು ಮಲಗಿಲ್ಲ, ಡ್ರೈವರ್ ಬೆನ್ನ ಹಿಂದೆ ಎದ್ದು ನಿಂತಿದೆ. ಪೆಟ್ರೋಲ್ 718ರಲ್ಲಿ ಎಂಜಿನ್ ಎಲ್ಲಿರುತ್ತದೋ ಹೆಚ್ಚುಕಡಿಮೆ ಅಲ್ಲೇ. ಇದನ್ನು ಅವರು 'ಇ-ಕೋರ್' ಅನ್ನುತ್ತಾರೆ. ಮರುವರ್ಷ 718 ಕೇಮನ್ ಜಿಟಿ4ರ ಮೈಗೆ ಅದೇ ತಂತ್ರ ಕೂರಿಸಿ, ಜಿಟಿ4 ಇ-ಪರ್ಫಾರ್ಮೆನ್ಸ್ ಎಂಬ ಗಾಡಿಯನ್ನು ಟ್ರ್ಯಾಕಿಗೆ ಇಳಿಸಿದರು. ಗರಿಷ್ಠ 735 ಕಿಲೋವಾಟ್, ಅಂದರೆ ಸಾವಿರ ಕುದುರೆಶಕ್ತಿ. ರೇಸ್ ಓಟದಲ್ಲಿ 450 ಕಿಲೋವಾಟ್ ಅನ್ನು ಅರ್ಧ ಗಂಟೆ ಸತತವಾಗಿ ಕೊಡುತ್ತದೆ. ಬ್ಯಾಟರಿಯನ್ನೂ ಮೋಟಾರನ್ನೂ ನೇರವಾಗಿ ಎಣ್ಣೆ ಹರಿಸಿ ತಣ್ಣಗಿಡುತ್ತಾರೆ. ತೂಕ ಸುಮಾರು 1550 ಕೆಜಿ.

ಭಾವ ಸಾವಿರ ಕುದುರೆಶಕ್ತಿ ಕೇಳಿ ಹುಬ್ಬೇರಿಸಿದರು. ನನ್ನ ಕಣ್ಣು ನಿಂತಿದ್ದು 1550ರ ಮೇಲೆ, ಬ್ಯಾಟರಿ ಇಟ್ಟ ಜಾಗದ ಮೇಲೆ. ನಮ್ಮ ರಸ್ತೆಗೆ ಬೇಕಾದ ಮಾಹಿತಿ ಇವೆರಡೇ.

ಹಂಪ್, ಮೋರಿ, ಅಡಿಕೆ ದಬ್ಬೆ

ಮಲೆನಾಡಿನಲ್ಲಿ ತಗ್ಗಿನ ಗಾಡಿಯ ಮೂತಿಗಿಂತ ಹೊಟ್ಟೆಗೇ ಪೆಟ್ಟು ಜಾಸ್ತಿ. ಮೂತಿಯನ್ನು ನಿಧಾನಕ್ಕೆ ಹತ್ತಿಸಿ ಉಳಿಸಿಕೊಳ್ಳಬಹುದು. ಮುಂದಿನ ಚಕ್ರ ದಾಟಿ, ಹಿಂದಿನ ಚಕ್ರ ಇನ್ನೂ ಈಚೆ ಇದ್ದಾಗ ನಡುಭಾಗ ಹಂಪ್ ಮೇಲೆ ಕೂತುಬಿಡುತ್ತದಲ್ಲ, ಅದು ಕಷ್ಟ.

ಭಾವನ ಗೆಳೆಯರೊಬ್ಬರು ಮಂಗಳೂರಿನಿಂದ ತಮ್ಮ ಪೆಟ್ರೋಲ್ 718ರಲ್ಲಿ ಘಾಟಿ ಹತ್ತಿ ಬಂದಿದ್ದರು. ಗಾಡಿಯನ್ನು ಹಲಗೆ ಮೇಲೆ ಹತ್ತಿಸಿ ಕೆಳಗೆ ಟಾರ್ಚ್ ಬಿಟ್ಟು ನೋಡಿದೆವು. ಮುಂದಿನ ತುಟಿ ಬಹುತೇಕ ಚೆನ್ನಾಗಿತ್ತು. ಸೀಟುಗಳ ಅಡಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಉದ್ದಕ್ಕೂ ಗೀರು. ಒಂದು ಕಡೆ ಜಲ್ಲಿಯ ಚೂರು ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡೇ ಇತ್ತು, ಉಗುರಿನಿಂದ ಎಬ್ಬಿಸಬೇಕಾಯಿತು. ಇಬ್ಬರನ್ನು ಕೂರಿಸಿ ನಡುಭಾಗದ ಎತ್ತರ ಅಳೆದೆವು. ನಾಲ್ಕೂವರೆ ಇಂಚಿನ ಆಸುಪಾಸು ಬಂತು.

ರಸ್ತೆ ಹಂಪ್‌ಗೆ ರಸ್ತೆಗಳ ಮಾನದಂಡ ನಿಗದಿ ಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಒಂದು ಅಳತೆ ಇದೆ. 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 718ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2475 ಮಿಲಿಮೀಟರ್. ಅಂದರೆ ನಿಯಮದ ಪ್ರಕಾರ ಕಟ್ಟಿದ ಹಂಪ್ ಮೇಲೆ ನಾಲ್ಕೂ ಚಕ್ರ ಏರಿ ನಿಂತಾಗ ಗಾಡಿಯ ನಡುವೆ ನೆಲ ಉಬ್ಬುವುದು ಬರೀ 45 ಮಿಲಿಮೀಟರ್. ನಾಲ್ಕೂವರೆ ಇಂಚಿನಲ್ಲಿ ಅದು ಆರಾಮಾಗಿ ಹೋಗುತ್ತದೆ. ಸೈಬರ್‌ಸ್ಟರ್‌ನ ಚಕ್ರಗಳ ದೂರ 2690. ಅಲ್ಲಿ ಅದೇ ಉಬ್ಬು 53 ಮಿಲಿಮೀಟರ್ ಆಗುತ್ತದೆ. ವ್ಯತ್ಯಾಸ ಸಣ್ಣದು. ಎರಡೂ ಪಾಸು.

ತೊಂದರೆ ಅಂದರೆ ಊರೊಳಗಿನ ಹಂಪ್‌ಗಳು ಈ ಅಳತೆಯಲ್ಲಿ ಇರುವುದಿಲ್ಲ. ಎಮ್ಮೆಗೋ ಮಗುವಿಗೋ ಗಾಡಿ ಬಡಿದ ಮಾರನೇ ದಿನ ಊರವರೇ ನಿಂತು ಹಾಕಿಸಿದ ಹಂಪ್ ಅದು. ಅಗಲ ಒಂದಡಿ, ಎತ್ತರ ಅರ್ಧ ಅಡಿ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆ ಹಂಪ್ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟು ಸಣ್ಣ ಅಗಲದ ಹಂಪ್ ಎರಡು ಚಕ್ರಗಳ ನಡುವೆ ಪೂರ್ತಿ ಕೂರುತ್ತದೆ. ಅಲ್ಲಿ ಕಮಾನಿನ ಲೆಕ್ಕ ನಡೆಯುವುದಿಲ್ಲ, ಆರು ಇಂಚಿಗೆ ಆರು ಇಂಚೂ ಹೊಟ್ಟೆಗೆ ಬರುತ್ತದೆ.

ಕಾಗದದ ಮೇಲೆ ಎಷ್ಟು ಬರೆದರೂ ಭಾವನಿಗೆ ಸಮಾಧಾನ ಆಗಲಿಲ್ಲ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ನೇರವಾಗಿದ್ದ ಅಡಿಕೆ ದಬ್ಬೆಯೊಂದನ್ನು (ಅಡಿಕೆ ಮರ ಸೀಳಿದ ಪಟ್ಟಿ) ಸರಿಯಾಗಿ 2475 ಮಿಲಿಮೀಟರಿಗೆ ಕತ್ತರಿಸಿದರು. ಎರಡೂ ತುದಿಗೆ ನಾಲ್ಕೂವರೆ ಇಂಚಿನ ಕಾಲು ಹೊಡೆದರು. ಗಾಡಿಯ ಹೊಟ್ಟೆಯೇ ಕೈಗೆ ಬಂದಂತಾಯಿತು. ಅದನ್ನು ಹಿಡಿದುಕೊಂಡು ಮನೆಯ ದಣಪೆಯಿಂದ ಹಿಡಿದು ಡಾಂಬರು ರಸ್ತೆ, ಆಮೇಲೆ ಆಗುಂಬೆ ದಿಕ್ಕಿನ ಹಂಪ್‌ಗಳವರೆಗೆ ಎಳೆದುಕೊಂಡು ಹೋದೆವು. ಕಾಲು ನೆಲ ಬಿಟ್ಟು ಮೇಲೆದ್ದರೆ ಅಲ್ಲಿ ಗಾಡಿ ತಾಗುತ್ತದೆ ಅಂತ ಲೆಕ್ಕ. ಹೆದ್ದಾರಿಯಲ್ಲಿ ತಾಗಿದ್ದು ಕಡಿಮೆ. ಊರೊಳಗಿನ ಹಂಪ್‌ಗಳಲ್ಲಿ ತಾಗಿತು. ಎಲ್ಲಕ್ಕಿಂತ ಕೆಟ್ಟದಾಗಿ ತಾಗಿದ್ದು ಭಾವನ ಮನೆ ದಾರಿಯ ಮೋರಿಯ ಮೇಲೆಯೇ! ಮೋರಿ ಕಟ್ಟುವಾಗ ಪೈಪಿನ ಮೇಲೆ ಮಣ್ಣು ಏರಿಸಿ ಹಾಗೇ ಬಿಟ್ಟಿದ್ದರು. ರಸಮಟ್ಟ ಇಟ್ಟು ನೋಡಿದರೆ ಎರಡೂ ಕಡೆಯ ಇಳಿಜಾರು ಕಣ್ಣಿಗೆ ಕಾಣುವುದಕ್ಕಿಂತ ಕಡಿದು.

ಬ್ಯಾಟರಿಯ ಜಾಗ ಇಲ್ಲಿ ಮುಖ್ಯವಾಗುತ್ತದೆ. ಇವತ್ತಿನ ಹೆಚ್ಚಿನ ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ಯಾಟರಿ ನೆಲಕ್ಕೆ ಹಾಸಿರುತ್ತದೆ. ಸೈಬರ್‌ಸ್ಟರ್‌ನವರು ಅದನ್ನು 110 ಮಿಲಿಮೀಟರಿನಷ್ಟು ತೆಳ್ಳಗೆ ಮಾಡಿದ್ದಾರೆ, ಅದು ಒಳ್ಳೆ ಕೆಲಸವೇ. ಆದರೂ ನಮ್ಮ ಹಂಪ್ ಮೊದಲು ಮುಟ್ಟುವ ಜಾಗದಲ್ಲೇ ಗಾಡಿಯ ಅತಿ ದುಬಾರಿ ಭಾಗ ಇದೆ. ಅಡಿಗೆ ಗಟ್ಟಿ ತಟ್ಟೆ ಇರುತ್ತದೆ, ಒಂದೆರಡು ಸಲ ತಾಗಿದರೆ ಏನೂ ಆಗದೇ ಇರಬಹುದು. ದಿನಾ ಅದೇ ಮೋರಿ ದಾಟುವವನಿಗೆ ಅದು ಧೈರ್ಯ ಕೊಡುವುದಿಲ್ಲ. ಬೆನ್ನ ಹಿಂದೆ ಎದ್ದು ನಿಂತ ಬ್ಯಾಟರಿ ಆದರೆ ಸೀಟಿನ ಅಡಿ ಬರೀ ಲೋಹದ ನೆಲ. ಸೀಟನ್ನೂ ಕೆಳಗೆ ಕೂರಿಸಬಹುದು. ಮಿಷನ್ ಆರ್ ಎತ್ತರ 1190 ಮಿಲಿಮೀಟರ್ ಮಾತ್ರ. ನೆಲದ ತುಂಬಾ ಬ್ಯಾಟರಿ ಇದ್ದಿದ್ದರೆ ಇಷ್ಟು ತಗ್ಗಿಸುವುದು ಬಹಳ ಕಷ್ಟ.

ಪೋರ್ಶೆ 911ರಲ್ಲಿ ಮುಂಭಾಗವನ್ನು ಸುಮಾರು 40 ಮಿಲಿಮೀಟರ್ ಎತ್ತುವ ವ್ಯವಸ್ಥೆ ಹಾಕಿಸಿಕೊಳ್ಳಬಹುದು. ಹೊಸ ಗಾಡಿಯಲ್ಲೂ ಅದು ಬರಲಿ ಅಂತ ಎಲ್ಲರೂ ಆಸೆ ಪಡುತ್ತಾರೆ. ನನ್ನ ಪ್ರಕಾರ ನಮ್ಮ ಊರಿಗೆ ಅದು ಅರ್ಧ ಔಷಧ. ಮೂತಿ 40 ಎದ್ದರೆ ನಡುಭಾಗ ಏಳುವುದು ಸುಮಾರು 20. ಹಿಂದೆ ಮುಂದೆ ಎರಡೂ ಏಳುವ ಏರ್ ಸಸ್ಪೆನ್ಷನ್ ಇದ್ದರೆ ಬೇರೆ ಮಾತು, ಆದರೆ ಅದಕ್ಕೂ ತೂಕ ಇದೆ.

ಘಾಟಿಯ ಲೆಕ್ಕ

ಆಗುಂಬೆ ಘಾಟಿ ಹೇಗಿದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಸೋಮೇಶ್ವರದಿಂದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವು. ದೊಡ್ಡ ಲಾರಿ, ಬಸ್ಸು ಬಿಡುವುದಿಲ್ಲ, ಮಿನಿ ಬಸ್ ಓಡುತ್ತವೆ. ತಿರುವಿನಲ್ಲಿ ಮಿನಿ ಬಸ್ ಎದುರಾದರೆ ಅದಕ್ಕೆ ಪೂರ್ತಿ ರಸ್ತೆ ಬೇಕು. ನಾವು ಮೋರಿ ಕಟ್ಟೆಗೆ ಒತ್ತಿ ನಿಲ್ಲಬೇಕು. ಆಗ ಅಗಲದ ಲೆಕ್ಕ ಬರುತ್ತದೆ. ಪೆಟ್ರೋಲ್ 718 ಕನ್ನಡಿ ಬಿಟ್ಟು 1801 ಮಿಲಿಮೀಟರ್. ಸೈಬರ್‌ಸ್ಟರ್ 1913. ಜಿಟಿ4 ಇ-ಪರ್ಫಾರ್ಮೆನ್ಸ್ ತನ್ನ ಪೆಟ್ರೋಲ್ ರೇಸ್ ಅಣ್ಣನಿಗಿಂತ 14 ಸೆಂಟಿಮೀಟರ್ ಅಗಲ. ಮಿಷನ್ ಆರ್ ಅಂತೂ 1990. ಹೊಸ 718 ರೇಸ್ ಮಾದರಿಗಳ ಅಗಲವನ್ನೇ ಹಿಡಿದರೆ ಘಾಟಿಯಲ್ಲಿ ಓಡಿಸುವ ಸುಖ ಅರ್ಧ ಹೋಯಿತು. ವಿನ್ಯಾಸಕಾರರು ಅಗಲದ ಚಕ್ರಕಮಾನು ಮೋಹ ಬಿಡಬೇಕು ಅನ್ನುವುದು ನನ್ನ ಕಳಕಳಿ. ಸಣ್ಣ ಗಾಡಿಯೇ ಸ್ಪೋರ್ಟ್ಸ್ ಕಾರು.

ತಿರುವಿನಲ್ಲಿ ತೂಕ ಎಲ್ಲಿದೆ ಅನ್ನುವುದು ಎಷ್ಟಿದೆ ಅನ್ನುವಷ್ಟೇ ದೊಡ್ಡದು. ಅಡ್ಡೆಯ ಎರಡು ತುದಿಗೆ ಕೊಡ ಕಟ್ಟಿಕೊಂಡು ಗಿರ್ರನೆ ತಿರುಗಿ ನೋಡಿ, ಆಮೇಲೆ ಅದೇ ಎರಡು ಕೊಡ ಸೊಂಟಕ್ಕೆ ಒತ್ತಿಕೊಂಡು ತಿರುಗಿ. ಭಾರ ಅಷ್ಟೇ, ತಿರುಗುವ ಕಷ್ಟ ಬೇರೆ. ಬ್ಯಾಟರಿ ಗಾಡಿಯ ಮಧ್ಯಕ್ಕೆ ಒತ್ತಾಗಿದ್ದರೆ ಹೇರ್‌ಪಿನ್‌ನಲ್ಲಿ ಮೂತಿ ಬೇಗ ತಿರುಗುತ್ತದೆ. ಇದಕ್ಕೊಂದು ಬೆಲೆಯೂ ಇದೆ. ನಿಲ್ಲಿಸಿಟ್ಟ ಬ್ಯಾಟರಿಯ ಭಾರ ನೆಲದಿಂದ ಸ್ವಲ್ಪ ಮೇಲಿರುತ್ತದೆ, ಹಾಸಿದ ಬ್ಯಾಟರಿಯಷ್ಟು ತಗ್ಗಿರುವುದಿಲ್ಲ. ಜಾಗವೂ ಕಡಿಮೆ, ಹಾಗಾಗಿ ಬ್ಯಾಟರಿ ಬಹಳ ದೊಡ್ಡದು ಹಾಕಲಾಗದು. ಫ್ರಾನ್ಸಿನ ಅಲ್ಪೀನ್ ಇನ್ನೊಂದು ದಾರಿ ತೋರಿಸಿದೆ. 2022ರ ಎ110 ಇ-ಟರ್ನಿಟೆ ಮಾದರಿಯಲ್ಲಿ ಬ್ಯಾಟರಿಯನ್ನು ಮುಂದೆ ನಾಲ್ಕು, ಹಿಂದೆ ಎಂಟು ಪೆಟ್ಟಿಗೆಯಾಗಿ ಹಂಚಿ, ತೂಕವನ್ನು 42ಕ್ಕೆ 58ರಂತೆ ಕೂರಿಸಿದರು. ಒಟ್ಟು 1378 ಕೆಜಿ. ಎಲೆಕ್ಟ್ರಿಕ್ ಗಾಡಿಗೆ ಅದು ನಿಜಕ್ಕೂ ಹಗುರ.

ಇಳಿಯುವಾಗಿನ ಲೆಕ್ಕ ಹೇಳಿದಾಗ ಭಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿತ ಸುಮಾರು 500 ಮೀಟರ್ ಅಂತ ಇಟ್ಟುಕೊಳ್ಳಿ. 4 ಲೀಟರ್ ಎಂಜಿನ್ನಿನ ಪೆಟ್ರೋಲ್ 718 ಜಿಟಿಎಸ್ 1405 ಕೆಜಿ, ಇಬ್ಬರು ಕೂತರೆ ಸುಮಾರು 1555. ಅಷ್ಟು ಭಾರ 500 ಮೀಟರ್ ಇಳಿದಾಗ ಬಿಡುವ ಶಕ್ತಿ 2.1 ಕಿಲೋವಾಟ್ ಅವರ್. ಪೆಟ್ರೋಲ್ ಗಾಡಿಯಲ್ಲಿ ಇದೆಲ್ಲ ಬ್ರೇಕಿನ ಡಿಸ್ಕ್, ಎಂಜಿನ್ ಮತ್ತು ಗಾಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಘಾಟಿ ಇಳಿದ ಮೇಲೆ ಸೋಮೇಶ್ವರದ ಚೆಕ್‌ಪೋಸ್ಟ್ ಹತ್ತಿರ ಬ್ರೇಕ್ ಪ್ಯಾಡ್ ವಾಸನೆ ಬರುವುದು ಇದಕ್ಕೇ. ಸೈಬರ್‌ಸ್ಟರ್ 1985 ಕೆಜಿ. ಇಬ್ಬರ ಜೊತೆ ಅದು ಬಿಡುವುದು 2.9 ಕಿಲೋವಾಟ್ ಅವರ್. ಎಲೆಕ್ಟ್ರಿಕ್ ಗಾಡಿ ಇದರಲ್ಲಿ ಒಳ್ಳೆ ಪಾಲನ್ನು ಮತ್ತೆ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಪೋರ್ಶೆಯ ಎಲೆಕ್ಟ್ರಿಕ್ ಕಾರು ಟೈಕಾನ್ 2024ರಲ್ಲಿ ಸುಧಾರಿಸಿದಾಗ ಹೀಗೆ ವಾಪಸ್ ತುಂಬುವ ಸಾಮರ್ಥ್ಯವನ್ನು 290ರಿಂದ 400 ಕಿಲೋವಾಟಿಗೆ ಏರಿಸಿದರು. ದಿನಬಳಕೆಯ ಸುಮಾರು 90% ಬ್ರೇಕಿಂಗ್ ಮೋಟಾರಿನಿಂದಲೇ ಆಗುತ್ತದೆ ಅನ್ನುವುದು ಅವರ ಮಾತು. ಅದೇ ಮನೆತನದ 718ಕ್ಕೂ ಈ ಗುಣ ಬರಬೇಕು.

ಒಂದು ಎಚ್ಚರಿಕೆ ಇದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸ್ ಬರುವ ಶಕ್ತಿಗೆ ಜಾಗ ಇರುವುದಿಲ್ಲ, ಆಗ ಮಾಮೂಲಿ ಬ್ರೇಕೇ ಗತಿ. ಭಾವನ ಮನೆಯಿಂದ ಘಾಟಿಯ ತಲೆ ಹತ್ತಿರವೇ ಇದೆ. ಅಷ್ಟು ದೂರಕ್ಕೆ ಬ್ಯಾಟರಿ ಹೆಚ್ಚು ಖಾಲಿ ಆಗುವುದಿಲ್ಲ. ಉಡುಪಿ ಕಡೆ ಹೊರಡುವ ದಿನ 90%ಕ್ಕೇ ಚಾರ್ಜ್ ನಿಲ್ಲಿಸಬೇಕು. ಶಿವಮೊಗ್ಗ ಕಡೆ ಹೊರಟರೆ ಪೂರ್ತಿ ತುಂಬಿದರೂ ಅಡ್ಡಿಯಿಲ್ಲ. ಮಂಡಗದ್ದೆ, ಗಾಜನೂರು ದಾರಿಯಲ್ಲಿ ಅಂಥ ಇಳಿತ ಇಲ್ಲ.

ಶಬ್ದದ ವಿಷಯಕ್ಕೆ ಭಾವನಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಅವರಿಗೆ ಆರು ಸಿಲಿಂಡರಿನ ದನಿ ಬೇಕು. ಹ್ಯುಂಡೈನವರು 2023ರ ಐಯಾನಿಕ್ 5 ಎನ್‌ನಲ್ಲಿ ಎಲೆಕ್ಟ್ರಿಕ್ ಗಾಡಿಗೂ ಗೇರು ಬದಲಾದ ಅನುಭವ, ಎಂಜಿನ್ ಸದ್ದು ಕೊಟ್ಟಿದ್ದಾರೆ. ಹೊಸ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಇನ್ನೂ ಬೆಳೆಯುತ್ತದೆ. ನನಗೆ ಮಾತ್ರ ಘಾಟಿಯಲ್ಲಿ ಗಾಡಿ ಮೌನವಾಗಿರುವುದೇ ಇಷ್ಟ. ಅದು ಸಿಂಗಳೀಕಗಳ ಕಾಡು. ತಿರುವಿನಲ್ಲಿ ಹಾರ್ನ್ ಹೊಡೆದರೆ ಸಾಕು.

ಕರೆಂಟು, ಇಲಿ, ಮಳೆ

ಅಕ್ಕನ ಪ್ರಶ್ನೆಗೆ ಬರುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮೇಗರವಳ್ಳಿಯೂ ಅದೇ ಸೆರಗಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಮೇಲೆ ಹಾವಸೆ, ಕೊಳೆತ ಎಲೆ, ಮಂಜು. ಆ ದಿನಗಳಲ್ಲಿ ಅಗಲದ ಟೈರಿನ ತಗ್ಗಿನ ಗಾಡಿ ಹೊರಗೆ ತೆಗೆಯಬಾರದು. ಇದರಲ್ಲಿ ಪೆಟ್ರೋಲ್, ಎಲೆಕ್ಟ್ರಿಕ್ ಎಂಬ ಭೇದವಿಲ್ಲ. ನಿಲ್ಲಿಸುವ ಜಾಗ ಮಾತ್ರ ಕೊಟ್ಟಿಗೆ ಪಕ್ಕ ಆಗಬಾರದು. ಹುಲ್ಲು, ಅಡಿಕೆ ಇದ್ದ ಕಡೆ ಇಲಿ ಇರುತ್ತದೆ. ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲಿಗೆ ಇಲಿ ಬಾಯಿ ಹಾಕಿದರೆ ಮಾಮೂಲಿ ಮೆಕ್ಯಾನಿಕ್ ಅದನ್ನು ಮುಟ್ಟುವಂತಿಲ್ಲ.

ಕರೆಂಟಿನ ಕಥೆ ಬೇರೆ. ನಮ್ಮ ಜಿಲ್ಲೆಯ ಶರಾವತಿ ವಿದ್ಯುದಾಗಾರವೊಂದೇ 1035 ಮೆಗಾವಾಟಿನದು. ಆದರೂ ಮರ ಬಿದ್ದರೆ ತೋಟದ ಮನೆಗೆ ಕರೆಂಟಿಲ್ಲ. ತ್ರೀ ಫೇಸ್ ಬರುವುದು ಪಂಪ್‌ಸೆಟ್ಟಿಗೆ, ಅದೂ ದಿನಕ್ಕೆ ಗೊತ್ತಾದ ಗಂಟೆಗಳು. ಪಂಪ್‌ಸೆಟ್ಟಿನ ಉಚಿತ ಕರೆಂಟಿನಲ್ಲಿ ಕಾರು ಚಾರ್ಜ್ ಮಾಡುವುದು ನಿಯಮಕ್ಕೂ ಸರಿಯಲ್ಲ, ಮನಸ್ಸಿಗೂ ಸರಿಯಲ್ಲ. ಭಾವನೇ ಅದನ್ನು ಮೊದಲು ಹೇಳಿದರು. ಮನೆಯ ಸಿಂಗಲ್ ಫೇಸ್‌ನಲ್ಲಿ 16 ಆಂಪಿಯರ್ ಸಾಕೆಟ್ಟಿನಿಂದ ಸುಮಾರು 3 ಕಿಲೋವಾಟ್ ಎಳೆದರೆ ಹತ್ತು ಗಂಟೆಗೆ 30 ಯೂನಿಟ್ ಆಗುತ್ತದೆ. ತೀರ್ಥಹಳ್ಳಿಗೆ ಹೋಗಿ ಬರಲು ಧಾರಾಳ, ಶಿವಮೊಗ್ಗಕ್ಕೂ ಹೆಚ್ಚುಕಡಿಮೆ ಸಾಕು. ಬೆಂಗಳೂರಿಗೆ ಹೋದರೆ ದಾರಿಯಲ್ಲಿ ಒಮ್ಮೆ ನಿಲ್ಲಬೇಕು. ಅದಕ್ಕಿಂತ ದೊಡ್ಡ ವಿಷಯ ಅರ್ತಿಂಗ್. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನಮ್ಮಲ್ಲಿ ಟಿವಿಗಳೇ ಉಳಿಯುವುದಿಲ್ಲ.

ತೀರ್ಮಾನ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ 718 ಬೇಡ ಅಂದೆ. ಓಡಿಸಲು ಅದರಷ್ಟು ಚಂದದ ಗಾಡಿ ಸಿಗುವುದು ಕಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾವ ಗಾಡಿಯನ್ನು ಹದಿನೈದು ವರ್ಷ ಇಟ್ಟುಕೊಳ್ಳುವವರು. ಅವರಿಗೆ ಸರ್ವಿಸ್ ಅಂದರೆ ದೂರದ ಊರಿಗೇ ಹೋಗಬೇಕು. ಘಾಟಿಯಲ್ಲಿ ಬ್ರೇಕ್ ಸವೆತವೂ ಇದೆ. ಸೈಬರ್‌ಸ್ಟರ್ ಸುಮಾರು 75 ಲಕ್ಷಕ್ಕೆ 510 ಕುದುರೆಶಕ್ತಿ ಕೊಡುತ್ತದೆ, 3.2 ಸೆಕೆಂಡಿಗೆ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟುತ್ತದೆ. ಬೆಂಗಳೂರು-ಮೈಸೂರು ರಸ್ತೆಯವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಎರಡು ಟನ್ನಿನ ಹತ್ತಿರದ ತೂಕ, ಆ ಅಗಲ, ನೆಲದಡಿಯ ಬ್ಯಾಟರಿ ಮೂರೂ ಸೇರಿ ಮೇಗರವಳ್ಳಿಗೆ ಹೊಂದುವುದಿಲ್ಲ.

ಕಾಯಿರಿ ಅಂದೆ. ಆದರೆ ಹೆಸರು ನೋಡಿ ಕಾಯಬೇಡಿ, ಅಂಕಿ ನೋಡಿ ಕಾಯಿರಿ. ಹೊಸ 718 ಆಗಲಿ, ಬೇರೆ ಯಾವುದೇ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಆಗಲಿ, ತೂಕ 1650 ಕೆಜಿ ಒಳಗಿರಬೇಕು. ಚಕ್ರಗಳ ದೂರ ಎರಡೂವರೆ ಮೀಟರಿನ ಆಸುಪಾಸು, ಅಗಲ 1850 ಒಳಗೆ. ಸೀಟಿನ ಅಡಿ ಬ್ಯಾಟರಿ ಇರಬಾರದು. ಕುದುರೆಶಕ್ತಿ ಎಷ್ಟಿದ್ದರೂ ಸರಿ, 300 ಇದ್ದರೆ ಘಾಟಿಗೆ ಹೊಟ್ಟೆ ತುಂಬ ಊಟ. ತೂಕ 1800 ದಾಟಿತು ಅಂತ ಗೊತ್ತಾದರೆ ಆಸೆ ಬಿಡಬೇಕು, ಬ್ಯಾಡ್ಜ್ ಏನೇ ಇರಲಿ. ಪೂರ್ತಿ ತಯಾರಾಗಿ ಬರುವ 40 ಸಾವಿರ ಡಾಲರ್ ಮೀರಿದ ಗಾಡಿಗೆ ಆಮದು ಸುಂಕ, ಸೆಸ್ ಸೇರಿ 110% ಇದೆ. ಮೇಲೆ ಜಿಎಸ್‌ಟಿ ದೊಡ್ಡ ಪೆಟ್ರೋಲ್ ಗಾಡಿಗೆ 40%, ಎಲೆಕ್ಟ್ರಿಕ್‌ಗೆ 5%. ಹೊಸ 718ರ ಪೆಟ್ರೋಲ್ ಮಾದರಿ ಮೇಲಿನ ದರ್ಜೆಯಲ್ಲಿ ಮಾತ್ರ ಬರುವುದರಿಂದ ಅದು ಭಾವನ ಕೈಗೆ ಸಿಗುವುದಿಲ್ಲ ಅಂತಲೇ ನನ್ನ ಲೆಕ್ಕ.

ಭಾವ ಒಪ್ಪಿದರು. ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ಮೋರಿಯ ಮಣ್ಣು ಕೆತ್ತಿಸಿ ಎರಡೂ ಕಡೆ ಇಳಿಜಾರು ಉದ್ದ ಮಾಡಿಸುತ್ತಾರೆ. ಹೋಂಸ್ಟೇ ಪಕ್ಕ ಶೆಡ್ಡಿಗೆ ಜಾಗ ಗುರುತು ಮಾಡಿಯಾಗಿದೆ. ಅಲ್ಲಿ ಅರ್ತಿಂಗ್ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿಸುವ ಕೆಲಸ ಎಲೆಕ್ಟ್ರಿಷಿಯನ್ನಿಗೆ ಒಪ್ಪಿಸಿದ್ದಾರೆ. ಹೋಂಸ್ಟೇಗೆ ಎಲೆಕ್ಟ್ರಿಕ್ ಗಾಡಿಯಲ್ಲಿ ಬರುವ ಅತಿಥಿಗಳಿಗೆ ಆ ಸಾಕೆಟ್ ಈಗಿನಿಂದಲೇ ಬೇಕಾಗಿತ್ತು.